ಟೀಚರಮ್ಮನ ಕಾಲಿಗೆ ಎಂಟು ಪದರ

ಕಳೆದ ತಿಂಗಳು ಗಿರಿಜಮ್ಮ ಟೀಚರು ಕಡೂರಿನ ನಮ್ಮ ಮನೆಗೆ ಬಂದು, ಬಟ್ಟೆಯ ಚೀಲದಿಂದ ಅದನ್ನು ತೆಗೆದು ನನ್ನ ಮುಂದಿಟ್ಟರು. ಮೊಣಕಾಲಿನ ಕೆಳಗಿನಿಂದ ಹೊರಟು, ಮೀನಖಂಡವನ್ನು ಹಿಂದಿನಿಂದ ಅಪ್ಪಿಕೊಂಡು, ಹಿಮ್ಮಡಿ ಸುತ್ತಿ, ಅಂಗಾಲಿನ ಅಡಿಗೆ ಚಾಚಿಕೊಳ್ಳುವ ಒಂದು ಫೈಬರ್ ಚಿಪ್ಪು. ಹೊಸದರಲ್ಲಿ ಜೇನಿನ ಬಣ್ಣಕ್ಕಿದ್ದದ್ದು ಈಗ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದೆ.

"ನಿಮ್ಮ ಸಾಮಾನು ನಿಮಗೇ ವಾಪಸ್ಸು, ಮಂಜಣ್ಣೋರೆ. ಈಗ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್‌ದು ಕೊಟ್ಟಿದಾರೆ. ಇದನ್ನ ಬಿಸಾಕೋಕೆ ಮನಸ್ಸು ಬರ್ಲಿಲ್ಲ," ಎಂದರು.

ನಾನು ಅದನ್ನು ಕೈಯಲ್ಲಿ ತೂಗಿ ನೋಡಿದೆ. "ಟೀಚರೆ, ಇದನ್ನ ಕುಯ್ದು ನೋಡ್ಲಾ? ಒಳಗೆ ಎಷ್ಟು ಪದರ ಐತೆ ಅಂತ ನೋಡ್ಬೇಕು."

"ಕುಯ್ಯಿರಿ. ಅದಕ್ಕೇನು ನೋವಾಗಲ್ಲ," ಎಂದು ನಕ್ಕರು.

ಗಾಜಿನ ಎಳೆಯ ಬಟ್ಟೆ ರೆಸಿನ್ ಎಂಬ ಅಂಟು ಕುಡಿದು ಗಟ್ಟಿಯಾದ ಮೇಲೆ ಪದರಗಳು ಒಂದರೊಳಗೊಂದು ಸೇರಿಹೋಗುತ್ತವೆ. ಮೇಲಿನಿಂದ ನೋಡಿ ಇಷ್ಟೇ ಪದರ ಎಂದು ಹೇಳಲು ಬ್ರಹ್ಮನಿಂದಲೂ ಆಗದು. ಕುಯ್ದು, ಅಂಚನ್ನು ಉಜ್ಜಿ, ಬೆಳಕಿಗೆ ಹಿಡಿದರೆ ಮಾತ್ರ ಗೆರೆಗಳು ಕಾಣುತ್ತವೆ. ಹಿಮ್ಮಡಿಯ ಮೇಲಿನ ತಿರುವಿಗೆ ಹ್ಯಾಕ್ಸಾ ಇಟ್ಟು ನಾಲ್ಕು ಸಲ ಎಳೆದೆನೋ ಇಲ್ಲವೋ, ಇಷ್ಟು ವರ್ಷ ಒಳಗೆ ಅವಿತುಕೊಂಡಿದ್ದ ರೆಸಿನ್ನಿನ ಖಾರ ವಾಸನೆ ಮೂಗಿಗೆ ಹೊಡೆಯಿತು. ಕೈ ಹಾಗೇ ನಿಂತುಬಿಟ್ಟಿತು.

ಅದು ಎಂಬತ್ತೈದೋ ಎಂಬತ್ತಾರೋ, ಆ ವರ್ಷದ ಮಳೆಗಾಲ. ಬಿ.ಎಚ್. ರಸ್ತೆಯ ಪಕ್ಕದಲ್ಲಿ ನನ್ನದೊಂದು ತಗಡಿನ ಶೆಡ್ಡು ಇತ್ತು. ಬಸ್ಸಿನ ಸೀಟು, ಲಾರಿಯ ಹೆಡ್‌ಲೈಟಿನ ಮೇಲಿನ ಟೊಪ್ಪಿ, ನೀರಿನ ತೊಟ್ಟಿಯ ಮುಚ್ಚಳ ಇವಿಷ್ಟು ನಮ್ಮ ಕೆಲಸ. ಬೆಂಗಳೂರಿನಲ್ಲಿ ಎರಡು ವರ್ಷ ಫೈಬರ್ ಕೆಲಸ ಕಲಿತು ಬಂದಿದ್ದೆ. ಮೂವತ್ತು ತುಂಬಿರಲಿಲ್ಲ. ಕಡೂರು, ಬೀರೂರು, ತರೀಕೆರೆ ಮೂರೂ ಸೇರಿಸಿದರೂ ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಮಾತ್ರ ತುಂಬಿ ತುಳುಕುತ್ತಿತ್ತು. ಮೀರಿಸುವುದಿರಲಿ, ಆ ವಿದ್ಯೆ ಗೊತ್ತಿದ್ದ ಇನ್ನೊಬ್ಬನೇ ಇರಲಿಲ್ಲ ಎನ್ನುವುದು ಬೇರೆ ಮಾತು.

ನನ್ನ ಜೊತೆ ಇದ್ದವರು ರಂಗಣ್ಣ ಒಬ್ಬರೇ. ಐವತ್ತರ ಆಸುಪಾಸು. ಮೊದಲು ಮಂಡಿಯಲ್ಲಿ ಕೊಳಗದಿಂದ ರಾಗಿ, ಹುರುಳಿ ಅಳೆದುಕೊಡುತ್ತಿದ್ದವರು. ತೂಕದ ಮೆಷಿನ್ನು ಬಂದ ಮೇಲೆ ಕೊಳಗ ಮೂಲೆ ಸೇರಿತು, ಇವರು ನನ್ನ ಶೆಡ್ಡು ಸೇರಿದರು. ಅವರ ಕೈ ಬಹಳ ಹದ. ಬ್ರಷ್ಷಿನ ತುದಿಯಿಂದ ಕುಟ್ಟಿ ಕುಟ್ಟಿ ಒಂದು ಗಾಳಿಗುಳ್ಳೆ ಉಳಿಯದ ಹಾಗೆ ಬಟ್ಟೆ ಕೂರಿಸುವುದು ನನಗೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಆದರೆ ಮಂಡಿಯ ಮಾತು ಬಾಯಿಂದ ಹೋಗಿರಲಿಲ್ಲ. ಮೊದಲ ಅಳತೆಗೆ 'ಒಂದು' ಎನ್ನದೆ 'ಲಾಭ' ಎನ್ನುವುದು ನಮ್ಮ ಕಡೆ ಕಾಳು ಅಳೆಯುವವರ ಪದ್ಧತಿ. ಲಾಭ, ಎರಡು, ಮೂರು ಎಂದೇ ಎಣಿಕೆ ಹೋಗುತ್ತದೆ. ಅಳೆದು ಮುಗಿದ ಮೇಲೆ ಲೆಕ್ಕಕ್ಕೆ ಸೇರದ ಹಾಗೆ ಒಂದು ಬೊಗಸೆ ಕೊಸರು ಹಾಕುವುದೂ ಇದೆ. ರಂಗಣ್ಣ ಸ್ಕ್ರೂ ಎಣಿಸಿದರೂ ಲಾಭದಿಂದಲೇ ಶುರು. ನಾನು ಆಡಿಕೊಂಡು ನಗುತ್ತಿದ್ದೆ.

ಗಿರಿಜಮ್ಮ ಒಂದು ದಿನ ಅಜ್ಜಂಪುರದಿಂದ ಪ್ಯಾಸೆಂಜರ್ ರೈಲಿನಲ್ಲಿ ಒಬ್ಬರೇ ಬಂದರು. ಆಗ ಇಪ್ಪತ್ನಾಲ್ಕು ವರ್ಷದ ಹುಡುಗಿ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಬಲಗಾಲು ಸೊರಗಿತ್ತು. ಪಾದ ತನ್ನಷ್ಟಕ್ಕೆ ಜೋತುಬೀಳುತ್ತಿತ್ತು. ಅದಕ್ಕೆ ಆಸರೆಯಾಗಿ ಕಟ್ಟಿದ ಕಬ್ಬಿಣದ ಕ್ಯಾಲಿಪರ್, ಅದರ ತುದಿಗೆ ಕಲ್ಲಿನಂಥ ಬೂಟು. ಶೆಡ್ಡಿನ ಬಾಗಿಲಲ್ಲಿ ನಿಂತು ಬಸ್ಸಿನ ಸೀಟು ತೋರಿಸಿ ಕೇಳಿದರು.

"ಇದರ ಮೇಲೆ ಎಂಥೆಂಥ ದಪ್ಪಗಿರೋರು ಕೂತರೂ ಮುರಿಯಲ್ಲ ಅಲ್ವಾ? ಎತ್ತಿದ್ರೆ ಹಗುರಕ್ಕಿರುತ್ತೆ. ನನ್ನ ಕಾಲಿಗೂ ಇದೇ ಸಾಮಾನಲ್ಲಿ ಒಂದು ಮಾಡಿ ಕೊಡ್ತೀರಾ?"

ನಾನು ಆಗಲ್ಲ ಅಂದೆ. ಸೀಟು ಬೇರೆ, ಕಾಲು ಬೇರೆ. ಅವರು ಹೋಗಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು ಸಂಗತಿ ಹೇಳಿದರು. ಅಂತರಘಟ್ಟೆಯ ಆಚೆಗಿನ ಒಂದು ಹಳ್ಳಿಯ ಶಾಲೆಗೆ ಅವರಿಗೆ ಕೆಲಸ ಆಗಿತ್ತು. ಬಸ್ಸಿಳಿದು ಎರಡು ಮೈಲಿ ನಡೆಯಬೇಕು. ಊರಿನ ಕೆಲವರು ಆಗಲೇ ಅರ್ಜಿ ಬರೆದಿದ್ದರು, ಕಾಲು ಸರಿಯಿಲ್ಲದ ಟೀಚರು ನಮಗೆ ಬೇಡ ಎಂದು. ಅದಕ್ಕೆ ಶಾಲಾ ಇನ್‌ಸ್ಪೆಕ್ಟರು ಮೊದಲ ದಿನವೇ ಶಾಲೆಗೆ ಬಂದು ಕೂತು, ಇವರು ನಿಂತು ಪಾಠ ಮಾಡಬಲ್ಲರೇ, ಮಕ್ಕಳ ಹಿಂದೆ ಓಡಾಡಬಲ್ಲರೇ ಎಂದು ನೋಡಿ ಬರೆಯುವವರಿದ್ದರು. ಆಗದು ಎಂದು ಬರೆದರೆ ಕೆಲಸ ಹೋಯಿತು.

"ಈ ಕಬ್ಬಿಣ ಕಟ್ಕೊಂಡು ಎರಡು ಮೈಲಿ ನಡೆದ್ರೆ ಶಾಲೆ ಮುಟ್ಟೋ ಹೊತ್ತಿಗೆ ಹುಣ್ಣಾಗಿರುತ್ತೆ. ನಿಲ್ಲೋದೆಲ್ಲಿಂದ ಬಂತು?" ಎಂದರು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

ಒಳಗಿನಿಂದ ರಂಗಣ್ಣ, "ಮಾಡ್ಕೊಡಾನ ಕಣ ಮಂಜಣ್ಣ. ತೆಂಗಿನ ಚಿಪ್ಪಿದ್ದಂಗೆ ಒಂದು ಚಿಪ್ಪು ಮಾಡಿದ್ರಾಯ್ತು," ಎಂದರು. ಅಂದಿನಿಂದ ಅದಕ್ಕೆ ಚಿಪ್ಪು ಎಂದೇ ಹೆಸರಾಯಿತು.

ಕಾಲಿನ ಅಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆದುಕೊಂಡದ್ದು ಸುಲಭದ ಕೆಲಸ. ಯಾವ ಬಟ್ಟೆ, ಎಷ್ಟು ಪದರ ಎನ್ನುವುದು ನನ್ನ ನಿದ್ದೆ ಕೆಡಿಸಿತು. ಗಾಜಿನ ಬಟ್ಟೆಯನ್ನು ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಗುರುತಿಸುತ್ತಾರೆ. ನನ್ನ ಹತ್ತಿರ ಗೋಣಿತಾಟಿನಂಥ ಆರುನೂರು ಗ್ರಾಮಿನದೂ ಇತ್ತು, ಪಂಚೆಯ ಹಾಗೆ ಬಾಗುವ ಮುನ್ನೂರರದೂ ಇತ್ತು. ಆರುನೂರರದು ನಾಲ್ಕು ಪದರ ಹಾಕಿದರೆ ಮುನ್ನೂರರ ಎಂಟಕ್ಕೆ ಸಮ, ಕೆಲಸ ಬೇಗ ಮುಗಿಯುತ್ತದೆ. ಆದರೆ ದಪ್ಪ ಬಟ್ಟೆ ಹಿಮ್ಮಡಿಯ ತಿರುವಿನಲ್ಲಿ ಬಾಗುವುದಿಲ್ಲ. ಸೆಟೆದು ನಿಂತು ಅಡಿಯಲ್ಲಿ ಗಾಳಿ ಬಿಟ್ಟುಕೊಳ್ಳುತ್ತದೆ. ಗಾಳಿ ಇದ್ದ ಕಡೆಯೇ ನಾಳೆ ಬಿರುಕು. ತೆಳು ಬಟ್ಟೆ ಹೇಳಿದ ಮಾತು ಕೇಳುತ್ತದೆ, ಆದರೆ ಪದರ ಹೆಚ್ಚು ಬೇಕು. ಪದರ ಹೆಚ್ಚಿದಷ್ಟೂ ತೂಕ. ತೂಕ ಹೆಚ್ಚಾದರೆ ಆ ಕಬ್ಬಿಣ ಏನು ಪಾಪ ಮಾಡಿತ್ತು?

ನನ್ನ ಟ್ರಂಕಿನಲ್ಲಿ ಇನ್ನೊಂದು ವಸ್ತು ಇತ್ತು. ಬೆಂಗಳೂರಿನಲ್ಲಿ ವಿಮಾನದ ಭಾಗ ಮಾಡುವ ಕಡೆ ಕೆಲಸಕ್ಕಿದ್ದ ಗೆಳೆಯನೊಬ್ಬ ಕೊಟ್ಟಿದ್ದ ಕಾರ್ಬನ್ ಬಟ್ಟೆಯ ತುಂಡು. ಕಪ್ಪಗೆ, ರೇಷ್ಮೆಯ ಹಾಗೆ ಹೊಳೆಯುತ್ತಿತ್ತು. ಗಾಜಿಗಿಂತ ಹಗುರ, ಬಗ್ಗಿಸಲು ಹೋದರೆ ಗಾಜಿಗಿಂತ ಬಿಗಿ. ಟವೆಲ್ಲಿನಷ್ಟೂ ಅಗಲ ಇರಲಿಲ್ಲ. ಬಂದವರಿಗೆಲ್ಲ ತೋರಿಸಿ ಮೆರೆಯಲು ಇಟ್ಟುಕೊಂಡಿದ್ದೆ. ಎರಡು ದಿನ ಯೋಚಿಸಿ ಅದಕ್ಕೂ ಕತ್ತರಿ ಹಾಕಿದೆ. ಒಂದೇ ಪದರಕ್ಕೆ ಸಾಲುವಷ್ಟು ಸಿಕ್ಕಿತು.

ತೆಳು ಬಟ್ಟೆಯೇ ಸರಿ ಎಂದು, ರೆಸಿನ್ ಕುಡಿಸಿದ ಅದರ ಪಟ್ಟಿಗಳನ್ನು ಆರು ಪದರದ್ದು, ಎಂಟು ಪದರದ್ದು ಎಂದು ಮಾಡಿ, ಒಂದು ತುದಿಯನ್ನು ಕಲ್ಲಿನಡಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ರಂಗಣ್ಣ ಕಾಲಿನಿಂದ ಒತ್ತಿ ಒತ್ತಿ ಬಿಟ್ಟರು. ಲಾಭ, ಎರಡು, ಮೂರು ಎಂದು ಇಡೀ ಮಧ್ಯಾಹ್ನ ಎಣಿಸಿದರು. ಆರರದು ಸಂಜೆಯ ಹೊತ್ತಿಗೆ ಚಿಟ್ ಎಂದಿತು. ಬಾಗುವ ಕಡೆ ಬಿಳಿ ಗೆರೆ ಮೂಡಿತು. ಬಿಳಿ ಗೆರೆ ಬಂದರೆ ಒಳಗಿನ ಎಳೆ ಬಿಡುತ್ತಿದೆ ಎಂದು ಅರ್ಥ. ಎಂಟರದು ಜಪ್ಪಯ್ಯ ಅನ್ನಲಿಲ್ಲ. ಏಳರದನ್ನು ನಾವು ಮಾಡಿಯೇ ನೋಡಲಿಲ್ಲ, ಬೇಕಾಗಿರಲಿಲ್ಲ. ಹಿಮ್ಮಡಿಯ ಮೇಲಿನ ತಿರುವಿಗೆ ಎಂಟು ಪದರ, ಅದರಲ್ಲಿ ನಡುವಿನ ಒಂದು ಕಪ್ಪು ಬಟ್ಟೆ ಎಂದು ತೀರ್ಮಾನಿಸಿದೆ.

ಚಿಪ್ಪು ಹಾಕಿದ ದಿನ ನಾನು ಲೋಟಲೋಟವಾಗಿ ರೆಸಿನ್ ಬೆರೆಸಿ ಕೊಡುತ್ತಿದ್ದೆ, ರಂಗಣ್ಣ ಬಟ್ಟೆ ಕೂರಿಸುತ್ತಿದ್ದರು. ಬೆರೆಸಿದ ರೆಸಿನ್ ಕಾಯುವುದಿಲ್ಲ, ಹೊತ್ತು ಮೀರಿದರೆ ಲೋಟದಲ್ಲೇ ಕಲ್ಲಾಗುತ್ತದೆ. ಅದಕ್ಕೆ ನನ್ನ ಕಣ್ಣೆಲ್ಲ ಗಡಿಯಾರದ ಮೇಲೆ. ಬೆನ್ನ ಹಿಂದೆ "ಲಾಭ" ಎಂದದ್ದು ಕೇಳಿಸಿತು, "ಎಂಟು" ಎಂದದ್ದೂ ಕೇಳಿಸಿತು. ಸಮಾಧಾನವಾಯಿತು.

ಶುಕ್ರವಾರ ಗಿರಿಜಮ್ಮ ಬಂದು ಹಾಕಿಕೊಂಡು ಶೆಡ್ಡಿನೊಳಗೆ ಆಚೆಯಿಂದ ಈಚೆಗೆ ನಡೆದರು. ಮುಖದಲ್ಲಿ ನಗು ತಡೆಯಲಾರದೆ ಕೈ ಅಡ್ಡ ಇಟ್ಟುಕೊಂಡರು. ನಾನು, "ಗ್ಯಾರಂಟಿ ಕಣ್ರೀ, ಹತ್ತು ವರ್ಷ ತಿರುಗಿ ನೋಡೋ ಹಂಗಿಲ್ಲ," ಎಂದು ಬೀಗಿದೆ. ಸೋಮವಾರ ಅವರು ಕೆಲಸಕ್ಕೆ ಹಾಜರಾಗಬೇಕಿತ್ತು.

ಆ ಸೋಮವಾರ ಬೆಳಿಗ್ಗೆ ಎಂಟಕ್ಕೆಲ್ಲ ಬಸ್ಸಿನ ಸೀಟು ಶುರು ಮಾಡಿದೆವು. ನಾನು ಸುಮ್ಮನೆ ನಿಂತು ನೋಡುತ್ತಿದ್ದೆ. ರಂಗಣ್ಣ ಅಚ್ಚಿನ ಮೇಲೆ ಮೊದಲು ಟಿಶ್ಯೂ ಹಾಸಿದರು. ಅದು ಈರುಳ್ಳಿ ಸಿಪ್ಪೆಯಂಥ ತೆಳು ಹಾಳೆ. ಮೇಲ್ಮೈ ನುಣುಪಾಗಲಿ ಎಂದು ಹಾಕುವುದು, ಬಲಕ್ಕಲ್ಲ. ಹಾಸುತ್ತಾ "ಲಾಭ" ಎಂದರು. ಆಮೇಲೆ ಗಾಜಿನ ಎಳೆಯ ದಪ್ಪ ಮ್ಯಾಟ್ ಎತ್ತಿಕೊಂಡು "ಎರಡು" ಎಂದರು.

ನಾನು ಅಚ್ಚಿನ ಹತ್ತಿರಕ್ಕೆ ಹೋದೆ.

"ರಂಗಣ್ಣ, ಆ ಟಿಶ್ಯೂನೂ ಲೆಕ್ಕಕ್ಕೆ ಸೇರಿಸ್ತೀರಾ?"

"ಮೊದ್ಲು ಬೀಳೋದೇ ಅದಲ್ವಾ? ಮೊದ್ಲು ಬಿದ್ದದ್ದು ಲಾಭ."

"ಟೀಚರ್ ಚಿಪ್ಪಿಗೂ?"

"ಅದಕ್ಕೂ ಅಂಗೇ," ಎಂದು ಬ್ರಷ್ಷು ಕೆಳಗಿಟ್ಟರು. ಪಟ್ಟಿಗಳನ್ನು ಒತ್ತಿ ನೋಡಿದಾಗ ಅವಕ್ಕೆ ಟಿಶ್ಯೂ ಹಾಕಿರಲಿಲ್ಲ, ಅಲ್ಲಿ ಎಂಟೆಂದರೆ ಎಂಟೇ. ಚಿಪ್ಪಿಗೆ ಮಾತ್ರ ಕಾಲಿಗೆ ತರಚದಿರಲಿ ಎಂದು ನಾನೇ ಟಿಶ್ಯೂ ಹಾಕಲು ಹೇಳಿದ್ದೆ. ರಂಗಣ್ಣ ಅದಕ್ಕೆ ಲಾಭ ಎಂದು, ಏಳು ತುಂಡು ಬಟ್ಟೆ ಕತ್ತರಿಸಿ, ಎಂಟಕ್ಕೆ ಮುಗಿಸಿದ್ದರು. ಬಸ್ಸಿನ ಸೀಟುಗಳೂ ಎರಡು ವರ್ಷದಿಂದ ಒಂದೊಂದು ಪದರ ಕಡಿಮೆಯೇ ಹೋಗಿದ್ದವು. ಅವುಗಳ ಮೇಲೆ ಕೂತವರು ಯಾರೂ ಬಿದ್ದಿರಲಿಲ್ಲ.

ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಸುಮ್ಮನಿದ್ದುಬಿಡೋಣ ಎನ್ನಿಸಿತು. ಏಳು ಪದರವೂ ತಡೆದೀತು, ಯಾರಿಗೆ ಗೊತ್ತಾಗುತ್ತದೆ? ಆದರೆ ಆರರ ಪಟ್ಟಿ ಚಿಟ್ ಎಂದದ್ದು ಕಿವಿಯಲ್ಲಿತ್ತು. ಬಾಯಿಂದ ಬಂದದ್ದು ಮಾತ್ರ ಬೇರೆ. "ಏನ್ ಮಾಡ್ಬಿಟ್ಟೆ ಲೇ ರಂಗ! ಆ ಹೆಣ್ಮಗಳ ಅನ್ನ ಕಿತ್ಕೊಂಡೆಯಲ್ಲೋ!" ನನಗಿಂತ ಇಪ್ಪತ್ತು ವರ್ಷ ದೊಡ್ಡವರಿಗೆ ಏಕವಚನದಲ್ಲಿ ಕೂಗಿದೆ. ರಂಗಣ್ಣ ಆಗಲೇ ಸಾಮಾನು ಒಟ್ಟು ಮಾಡುತ್ತಿದ್ದರು. ಬಿಸ್ಕೆಟ್ ಡಬ್ಬಿಗೆ ಬಟ್ಟೆ, ರೆಸಿನ್ ಬಾಟಲಿ, ಅದನ್ನು ಗಟ್ಟಿಯಾಗಿಸುವ ಕ್ಯಾಟಲಿಸ್ಟ್, ಉಪ್ಪುಕಾಗದ ತುಂಬಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ನನ್ನ ಬೈಕಿನ ಹಿಂದೆ ಹತ್ತಿ ಕೂತರು.

ಬೀರೂರು ದಾಟುವ ಹೊತ್ತಿಗೆ ಜಿಟಿಜಿಟಿ ಹಿಡಿಯಿತು. ಅಜ್ಜಂಪುರದಲ್ಲಿ ಗಿರಿಜಮ್ಮನ ಮನೆಗೆ ಹೋದರೆ ಅವರು ಆಗಲೇ ಹೊರಟಾಗಿತ್ತು. ಅಂತರಘಟ್ಟೆ ದಾಟಿ ಕೆಸರು ದಾರಿಯಲ್ಲಿ ಎರಡು ಸಲ ಜಾರಿದೆವು. ರಂಗಣ್ಣ ಡಬ್ಬಿಯನ್ನು ಎದೆಗವಚಿಕೊಂಡು ಬಿದ್ದರೇ ಹೊರತು ಡಬ್ಬಿ ಬಿಡಲಿಲ್ಲ. ದಾರಿಯುದ್ದಕ್ಕೂ ಕೆಸರಿನಲ್ಲಿ ಒಂದು ಚಪ್ಪಲಿಯ ಗುರುತು, ಪಕ್ಕದಲ್ಲಿ ಚಿಪ್ಪಿನ ಮೇಲೆ ಹಾಕಿಕೊಂಡ ಒಂದು ಅಗಲ ಬೂಟಿನ ಗುರುತು ಕಾಣುತ್ತಿತ್ತು. ಎಲ್ಲಾದರೂ ಗುರುತು ಎಳೆದಂತಿದೆಯೇ ಎಂದು ನೋಡುತ್ತಲೇ ಗಾಡಿ ಓಡಿಸಿದೆ.

ಶಾಲೆ ಮುಟ್ಟಿದಾಗ ಪಾಠ ನಡೆಯುತ್ತಿತ್ತು. ಒಂದೇ ಕೋಣೆ, ಹೆಂಚಿನ ಸೂರು. ಹಿಂದಿನ ಬೆಂಚಿನಲ್ಲಿ ಇನ್‌ಸ್ಪೆಕ್ಟರು ಕೊಡೆಯನ್ನು ಮಂಡಿಯ ನಡುವೆ ಇಟ್ಟುಕೊಂಡು ಕೂತಿದ್ದರು. ಗಿರಿಜಮ್ಮ ಬೋರ್ಡಿನ ಹತ್ತಿರ. ಒಳಗೆ ನುಗ್ಗಿ ಚಿಪ್ಪು ಬಿಚ್ಚಿ ಅಂದರೆ ನಾನೇ ಅವರ ಕೆಲಸ ಕಿತ್ತುಕೊಂಡ ಹಾಗೆ. ಸುಮ್ಮನಿದ್ದು ಅದು ಮುರಿದರೂ ಅಷ್ಟೇ. ಕಿಟಕಿಯ ಹೊರಗೆ ಸೂರಿನ ನೀರು ಬೆನ್ನಿಗೆ ಸುರಿಸಿಕೊಂಡು ನಿಂತೆವು. ಅವರು ಬೋರ್ಡಿನಿಂದ ಮೇಜಿಗೆ ಬಂದರೆ ನಾನು ಕಿಟಕಿಯ ಸರಳು ಹಿಡಿಯುತ್ತಿದ್ದೆ. ಮೇಜಿನಿಂದ ಮಕ್ಕಳ ಸಾಲಿಗೆ ಬಂದರೆ ರಂಗಣ್ಣ ನನ್ನ ತೋಳು ಹಿಡಿಯುತ್ತಿದ್ದರು. ಅಷ್ಟು ಉದ್ದದ ಪಾಠವನ್ನು ನಾನು ನನ್ನ ಓದಿನ ಕಾಲದಲ್ಲೂ ಕಂಡಿರಲಿಲ್ಲ. ಕೊನೆಕೊನೆಗೆ ಅವರು ನಡೆಯುವುದನ್ನು ಬಿಟ್ಟು ಎಡಗಾಲ ಮೇಲೆ ಭಾರ ಹಾಕಿ ಗೋಡೆಗೆ ಆತು ನಿಂತದ್ದು ಕಂಡಿತು.

ಊಟದ ಗಂಟೆ ಹೊಡೆಯಿತು. ಗಿರಿಜಮ್ಮನನ್ನು ಶಾಲೆಯ ಹಿಂದಿನ ಸೌದೆ ಕೋಣೆಗೆ ಕರೆದು ವಿಷಯ ಹೇಳಿದೆ. ಒಂದು ಪದರ ಕಮ್ಮಿ ಬಿದ್ದಿದೆ, ತಪ್ಪು ನಮ್ಮದು ಎಂದೆ. ಅವರು ಚಿಪ್ಪು ಬಿಚ್ಚಿ ತಿರುವಿ ತೋರಿಸಿದರು. ಹಿಮ್ಮಡಿಯ ಮೇಲೆ ಕೂದಲೆಳೆಯಷ್ಟು ಬಿಳಿ ಗೆರೆ.

"ಬೆಳಿಗ್ಗೆ ನಡ್ಕೊಂಡು ಬರುವಾಗ್ಲೇ ಚಿಟ್ ಚಿಟ್ ಅಂತಿತ್ತು. ಕೂತ್ಕೊಂಡ್ರೆ ಕೂತ್ಲು ಅಂತ ಬರೀತಾರೆ. ಅದಕ್ಕೆ ನಿಂತೇ ಇದ್ದೆ," ಎಂದರು. ಆಮೇಲೆ, "ಊಟ ಆದ್ಮೇಲೆ ಮಕ್ಕಳಿಗೆ ಡ್ರಿಲ್ ಮಾಡಿಸ್ಬೇಕಂತೆ. ಅವ್ರು ಅದನ್ನೂ ನೋಡೇ ಹೋಗೋದು. ಒಂದೂವರೆ ಗಂಟೆ ಟೈಮಿದೆ. ಆಗುತ್ತಾ?" ಎಂದರು.

ಒಣ ಬಿಸಿಲಿದ್ದರೆ ಆಗುತ್ತಿತ್ತು. ಆ ತಂಡಿಯಲ್ಲಿ ರೆಸಿನ್ ಸಂಜೆಯಾದರೂ ಗಟ್ಟಿಯಾಗುವುದಿಲ್ಲ. ಕಾವು ಬೇಕು, ಬೆಂಕಿ ಮಾತ್ರ ತಾಗಬಾರದು, ಒಂದು ಕಿಡಿ ಬಿದ್ದರೆ ರೆಸಿನ್ ಭಗ್ ಎನ್ನುತ್ತದೆ. ಇಸ್ತ್ರಿ ಪೆಟ್ಟಿಗೆ ನೆನಪಾಯಿತು. ನಾನು ರೆಸಿನ್ನಿಗೆ ಕ್ಯಾಟಲಿಸ್ಟನ್ನು ಒಂದಿಷ್ಟು ಹೆಚ್ಚೇ ಬೆರೆಸಿಕೊಟ್ಟು, "ಉಜ್ಜಿ, ಒರೆಸಿ, ಎರಡು ಪದರ ಹಾಕು. ಎರಡೇ. ತೂಕ ಆಗ್ಬಾರ್ದು. ಮತ್ತೆ ನಿನ್ನ ಲಾಭಗೀಭ ತಂದೀಯ," ಎಂದು ರಂಗಣ್ಣನಿಗೆ ಗದರಿ ಊರೊಳಗೆ ಓಡಿದೆ. ಇದ್ದಿಲು ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ ಹಿಡಿದು ಓಡಿಬರುವಷ್ಟರಲ್ಲಿ ಸೌದೆ ಕೋಣೆಯ ಬಾಗಿಲಲ್ಲಿ ಇನ್‌ಸ್ಪೆಕ್ಟರು ಮೂಗು ಮುಚ್ಚಿಕೊಂಡು ನಿಂತಿದ್ದರು.

"ಏನ್ರೀ ಇದು ಗಬ್ಬು ವಾಸನೆ?"

ಒಳಗಿನಿಂದ ರಂಗಣ್ಣ, "ಸೂರು ಸೋರ್ತಿತ್ತು ಸಾಮಿ, ತ್ಯಾಪೆ ಹಾಕ್ತಾ ಇದೀವಿ," ಎಂದರು. ಪುಣ್ಯಾತ್ಮ ಸೂರು ನೋಡಿ ತಲೆಯಾಡಿಸಿ ಹೋದ.

ಬಟ್ಟೆ ಆಗಲೇ ಕೂತಾಗಿತ್ತು. ಇಸ್ತ್ರಿ ಪೆಟ್ಟಿಗೆಯ ಅಡಿಯನ್ನು ಒಂದು ಗೇಣು ದೂರದಲ್ಲಿ ಹಿಡಿದು ಸರದಿಯ ಮೇಲೆ ಕೈ ಸೋಲುವವರೆಗೆ ಕಾವು ಕೊಟ್ಟೆವು. ಉಗುರು ಒತ್ತಿದರೆ ಅಂಟು. ಮತ್ತೆ ಒತ್ತಿದರೆ ಅಂಟು. ಗಂಟೆ ಹೊಡೆದಾಗ ಉಗುರಿಗೆ ಹತ್ತಲಿಲ್ಲ, ಒಳಗೆ ಪೂರ್ತಿ ಆಗಿದೆಯೋ ಇಲ್ಲವೋ ದೇವರಿಗೇ ಗೊತ್ತು. ಇನ್ನೂ ಬಿಸಿ ಇದ್ದ ಚಿಪ್ಪನ್ನೇ ಗಿರಿಜಮ್ಮ ಕಾಲುಚೀಲದ ಮೇಲೆ ಕಟ್ಟಿಕೊಂಡರು. "ಸ್ವಲ್ಪ ಭಾರ ಆಯ್ತು," ಎಂದವರೇ ಅಂಗಳಕ್ಕೆ ಇಳಿದರು.

ಡ್ರಿಲ್ ಮುಗಿದ ಮೇಲೆ ಇನ್‌ಸ್ಪೆಕ್ಟರು, "ಟೀಚರೆ, ಆ ಬೇವಿನ ಮರ ಮುಟ್ಟಿ ಬನ್ನಿ ನೋಡೋಣ, ಬೇಗ," ಎಂದರು. ಅರ್ಜಿ ಬರೆದವರಲ್ಲಿ ಇಬ್ಬರು ಜಗಲಿಯ ಮೇಲೆ ಕೂತಿದ್ದರು. ಗಿರಿಜಮ್ಮ ಹೊರಟರು. ಕೆಸರು, ಕಲ್ಲು, ನಡುವೆ ಒಂದು ಸಣ್ಣ ನೀರಿನ ಕಾಲುವೆ. ಅದನ್ನು ಬಲಗಾಲು ಊರಿ ದಾಟಿದರು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವರು ಮರ ಮುಟ್ಟಿ ತಿರುಗಿ ಬರುತ್ತಿದ್ದರು, ಹಿಂದೆ ಮಕ್ಕಳೆಲ್ಲ ಓಡಿಬರುತ್ತಿದ್ದವು. ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದು, "ಆಗಬಹುದು," ಎಂದು ಜಗಲಿಯವರಿಗೂ ಕೇಳುವ ಹಾಗೆ ಹೇಳಿ ಬರೆದರು.

ವಾಪಸು ಬರುವಾಗ ನಾನು ಖುಷಿಯಾಗಿರಬೇಕಿತ್ತು. ಅದರ ಬದಲು ರಂಗಣ್ಣನನ್ನು ದಾರಿಯುದ್ದಕ್ಕೂ ಬೈದೆ. ಭಾರ ಆಯ್ತಂತೆ, ಎರಡು ಪದರಕ್ಕೆ ಅಷ್ಟು ಭಾರ ಹೇಗೆ ಬಂತು, ರೆಸಿನ್ ಸುರಿದುಬಿಟ್ಟಿರಬೇಕು, ಇನ್ನು ಮೇಲೆ ನನ್ನ ಶೆಡ್ಡಿನಲ್ಲಿ ಲಾಭ ಎಂಬ ಮಾತು ಕೇಳಿಸಬಾರದು ಎಂದೆ. "ಹೂಂ, ಮಂಜಣ್ಣ," ಎಂದರು ಅಷ್ಟೇ. ಅವತ್ತಿನಿಂದ ಅವರು ಬಾಯಿಬಿಟ್ಟು ಎಣಿಸುವುದನ್ನೇ ನಿಲ್ಲಿಸಿದರು. ತುಟಿ ಮಾತ್ರ ಆಡುತ್ತಿತ್ತು. ಇನ್ನೂ ಆರು ವರ್ಷ ನನ್ನ ಜೊತೆ ದುಡಿದು, ಕೆಮ್ಮು ಹತ್ತಿ ತೀರಿಕೊಂಡರು. ಬೈದದ್ದು ತಪ್ಪಾಯಿತು ಎಂದು ಒಂದು ದಿನವೂ ಅವರಿಗೆ ಹೇಳಲಿಲ್ಲ.

ಹ್ಯಾಕ್ಸಾ ಮತ್ತೆ ಆಡಿಸಿ ಕುಯ್ದು ಮುಗಿಸಿದೆ. ಅಂಚನ್ನು ಉಪ್ಪುಕಾಗದಕ್ಕೆ ಉಜ್ಜಿ, ನೀರು ಸವರಿ, ಕನ್ನಡಕ ಏರಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ನಡುವೆ ಕಪ್ಪು ಗೆರೆ ಒಂದು, ಕಾಡಿಗೆ ಎಳೆದ ಹಾಗೆ. ಅದೂ ಸೇರಿ ಹಳೆಯದು ಏಳು, ಮೇಲೆ ನಾವು ಹಾಕಿದ್ದು ಎರಡು, ಒಟ್ಟು ಒಂಬತ್ತು ಇರಬೇಕು; ಟಿಶ್ಯೂ ಗೆರೆಯಾಗಿ ಕಾಣುವುದಿಲ್ಲ. ಎಣಿಸಿದೆ. ಹತ್ತು ಬಂತು. ಕನ್ನಡಕ ಒರೆಸಿ ಮತ್ತೆ ಎಣಿಸಿದೆ. ಹತ್ತೇ. ಹೊಸದರಲ್ಲಿ ಮೂರು ಗೆರೆ, ಮೂರೂ ಒತ್ತಾಗಿ, ನಡುವೆ ಎಲ್ಲೂ ರೆಸಿನ್ ಮಡುಗಟ್ಟದೆ, ನೀಟಾಗಿ ಕೂತಿದ್ದವು. ರೆಸಿನ್ ಸುರಿದ ಗುರುತೇ ಇರಲಿಲ್ಲ.

"ಹತ್ತಲ್ವಾ?" ಎಂದರು ಗಿರಿಜಮ್ಮ.

ನಾನು ತಲೆಯೆತ್ತಿದೆ.

"ನೀವು ಇಸ್ತ್ರಿ ಪೆಟ್ಟಿಗೆ ತರೋಕೆ ಹೋಗಿದ್ರಲ್ಲ, ಆಗ ರಂಗಣ್ಣ ಹೇಳಿದ್ರು. 'ತಾಯಿ, ಎರಡು ಲೆಕ್ಕದ್ದು. ಇದೊಂದು ನನ್ನ ಕೊಸರು. ಮಂಜಣ್ಣಂಗೆ ಹೇಳ್ಬ್ಯಾಡಿ, ತೂಕ ಅಂತ ಬೈತಾರೆ' ಅಂತ. ಮಾತು ಕೊಟ್ಟಿದ್ದೆ, ಅದಕ್ಕೆ ಹೇಳ್ಲಿಲ್ಲ."

ಆ ಬಿಳಿ ಗೆರೆಯ ಮೇಲೆ ಇಪ್ಪತ್ತೆರಡು ವರ್ಷ ನಡೆದೆ, ಚಿಟ್ ಅಂತ ಒಂದು ದಿನವೂ ಅನ್ನಲಿಲ್ಲ ಎಂದೂ ಅವರು ಹೇಳಿದರು. ನನಗೆ ನಾಚಿಕೆಯಾಯಿತು. ಅಳುವೂ ಬಂತು, ಅದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ. ಹೆಂಡತಿ ಕಾಫಿ ತಂದಿಟ್ಟು ಏನಾಯಿತೆಂದು ಕೇಳಿದಳು.

ಕುಯ್ದ ತುಂಡನ್ನು ಮತ್ತೆ ಬೆಳಕಿಗೆ ಹಿಡಿದು, ಮೊದಲ ಗೆರೆಯ ಮೇಲೆ ಉಗುರು ಇಟ್ಟು, ಈ ಸಲ ಬಾಯಿಬಿಟ್ಟು ಎಣಿಸಿದೆ. ಲಾಭ, ಎರಡು, ಮೂರು.